ಮೋಟಾರಿನ ವಾತಾಯನ

ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷವೆಂದೂ ವಾತಾಯನವೆಂದೂ ಎರಡು ಹೆಸರುಗಳುಂಟು. ಅಮರಸಿಂಹನು ತನ್ನ ಕೋಶದಲ್ಲಿ ಇವೆರಡನ್ನೂ ಒಂದೇ ಅರ್ಥದ ಶಬ್ದಗಳೆಂದು ಜೊತೆಗೂಡಿಸಿ ಇಟ್ಟಿದ್ದಾನೆ. ಆದರೆ ಬಿಡಿಸಿ ನೋಡಿದರೆ ಅವುಗಳ ಕೆಲಸ ಬೇರೆ ಬೇರೆಯಾಗಿ ತೋರುತ್ತದೆ. ಗವಾಕ್ಷವೆಂದರೆ ಗೋವಿನ ಕಣ್ಣು, ಅದು ನೋಡುವುದಕ್ಕೆ. ವಾತಾಯನವೆಂದರೆ ಗಾಳಿಯ ದಾರಿ; ಅದು ಉಸಿರಾಡುವುದಕ್ಕೆ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಒಂದು ಬೆಳಕಿಂಡಿಯನ್ನು ಬಿಟ್ಟಿರುತ್ತಿದ್ದರು. ಬೆಳಕು ಅದರಿಂದ ಇಳಿಯಬೇಕು, ಹೊಗೆ ಅದರಿಂದ ಏರಬೇಕು. ಮಳೆ ಬಂದರೆ ಮಾಳಿಗೆ ಹತ್ತಿ ಅದನ್ನು ಮುಚ್ಚುವುದೂ, ಮಳೆ ನಿಂತ ಕೂಡಲೆ ತೆರೆಯುವುದೂ ಮನೆಯ ಹುಡುಗರ ಪಾಲಿನ ಕೆಲಸ. ಮುಚ್ಚಿದ ಹುಡುಗನು ತೆರೆಯಲು ಮರೆತರೆ ಒಲೆಯ ಮುಂದಿನ ತಾಯಿಯ ಕಣ್ಣೀರು ಅವನಿಗೆ ನೆನಪು ಮಾಡಿಕೊಡುತ್ತಿತ್ತು.

ಈ ಹಳೆಯ ಮಾತನ್ನು ತೆಗೆದುದಕ್ಕೆ ಕಾರಣವುಂಟು. ಈಗ ಅನೇಕ ಗೃಹಸ್ಥರ ಮನೆಗಳಿಗೆ ಗಾಲಿಗಳುಳ್ಳ ಇನ್ನೊಂದು ಕೋಣೆ ಕೂಡಿಕೊಂಡಿದೆ. ಅದೇ ಮೋಟಾರು ಕಾರು. ಆ ಕೋಣೆಗೆ ಗವಾಕ್ಷಗಳಿಗೆ ಕೊರತೆಯಿಲ್ಲ. ನಾಲ್ಕೂ ಕಡೆಗೆ ಗಾಜೇ. ಆದರೆ ಅದರ ವಾತಾಯನವು ಎಲ್ಲಿದೆ, ಅದನ್ನು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು, ಮನೆಯವರಲ್ಲಿ ಆ ಕೆಲಸ ಯಾರ ಪಾಲಿನದು ಎಂಬುದನ್ನು ಕಾರು ಕೊಂಡವರಲ್ಲಿ ಬಹು ಮಂದಿ ವಿಚಾರಿಸುವುದಿಲ್ಲ. ಬಣ್ಣವನ್ನು ವಿಚಾರಿಸುತ್ತಾರೆ, ಎಣ್ಣೆಯ ಖರ್ಚನ್ನು ವಿಚಾರಿಸುತ್ತಾರೆ, ಹಾಡು ಕೇಳುವ ಯಂತ್ರವನ್ನು ತಿರುವಿ ತಿರುವಿ ನೋಡುತ್ತಾರೆ. ಉಸಿರಿನ ವಿಚಾರ ಮಾತ್ರ ಹಿಂದುಳಿಯುತ್ತದೆ.

ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಮೂವತ್ತು ವರುಷಕ್ಕೆ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಶಬ್ದರೂಪ ಧಾತುರೂಪಗಳನ್ನು ಒಪ್ಪಿಸಿಕೊಂಡು ಕಾಲ ಕಳೆದವರು. ಆದರೆ ಗರಜು ಬಿದ್ದಾಗ ಮುದುಕನೂ ಹೊಸ ಪಾಠ ಕಲಿಯುತ್ತಾನೆ. ನಮಗೆ ಬಿದ್ದ ಗರಜು ನಮ್ಮ ಮನೆಯವರ ಉಸಿರಿನದು. ಅವರು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ, ತಂಬಾಕಿನ ವಖಾರಿಯ ಗೋಡೆಗೆ ಗೋಡೆ ಹತ್ತಿಕೊಂಡ ಮನೆಯಲ್ಲಿ. ಬೀಡಿಯ ತಂಬಾಕಿಗೆ ಹೆಸರಾದ ಆ ಪೇಟೆಯಲ್ಲಿ ಬಡ ಹೆಣ್ಣುಮಕ್ಕಳು ವಖಾರಿಗಳೊಳಗೆ ಕುಳಿತು ಒಣಗಿದ ಎಲೆಯನ್ನು ಬಡಿದು ಜರಡಿ ಹಿಡಿಯುತ್ತಿದ್ದರು. ಅದರ ಘಾಟು ಓಣಿಯಲ್ಲೆಲ್ಲ ಹಬ್ಬುತ್ತಿತ್ತು. ಹೊಸಬರು ಸೀನುತ್ತ ದಾಟಿ ಹೋಗುವರು. ಅಲ್ಲಿಯವರು ಅದನ್ನೇ ಗಾಳಿಯೆಂದು ತಿಳಿದು ಬಾಳುವರು. ನಮ್ಮ ಮನೆಯವರಿಗೆ ನಾಲ್ವತ್ತು ದಾಟಿದ ಮೇಲೆ, ಆಯುರ್ವೇದವು ತಮಕಶ್ವಾಸವೆಂದು ಕರೆಯುವ, ಡಾಕ್ಟರರು ಅಸ್ತಮಾ ಎನ್ನುವ ವ್ಯಾಧಿಯು ತೋರಿತು. ಅದಕ್ಕೆ ಆ ಧೂಳೇ ಕಾರಣವೆಂದು ನಾವು ತೀರ್ಪು ಕೊಡಲಾರೆವು. ಆದರೆ ಧೂಳು, ಹೊಗೆ, ತಣ್ಣನೆಯ ಒಣಗಾಳಿ, ಈ ಮೂರೂ ಅದನ್ನು ಕೆರಳಿಸುತ್ತವೆಂಬುದನ್ನು ಕಣ್ಣಾರೆ ಕಂಡಿದ್ದೇವೆ.

ಡಾಕ್ಟರ್ ವಾನ್ಲೆಸ್ ಅವರು ೧೮೯೪ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದಂದಿನಿಂದ ನಮ್ಮ ಭಾಗದ ರೋಗಿಗಳಿಗೆ ಆ ಊರಿನ ದಾರಿ ರೂಢಿಯಾಗಿದೆ. ನಾವೂ ಕೆಲವು ತಿಂಗಳಿಗೊಮ್ಮೆ ಚಿಕ್ಕೋಡಿಯಿಂದ ಹೊರಟು, ಅಂಕಲಿಯ ಬಳಿ ಕೃಷ್ಣೆಯನ್ನು ದಾಟಿ, ಕಾಗವಾಡದ ಮೇಲಿಂದ ಮಿರಜಕ್ಕೆ ಹೋಗಿ ಬರುತ್ತೇವೆ. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದೆವು. ಮಗನು ಕಾರು ಕೊಂಡ ಮೇಲೆ ಅದರಲ್ಲಿಯೇ ಪಯಣ. ಹೀಗೆ ಹೋಗುತ್ತ ಬರುತ್ತ, ಅದರ ಗಾಳಿಯ ಕೀಲುಗಳನ್ನು ಒಂದೊಂದಾಗಿ ಅಭ್ಯಾಸ ಮಾಡಿದೆವು.

ಹಿಂದಿನ ಮೋಟಾರುಗಳಲ್ಲಿ ಈ ವಿದ್ಯೆ ಸುಲಭವಾಗಿತ್ತು. ಅಂಬಾಸಡರ್ ಕಾರನ್ನು ಬಲ್ಲವರಿಗೆ ಅದರ ಮುಂಬಾಗಿಲಿನ ಮೂಲೆಯಲ್ಲಿದ್ದ ಮುಕ್ಕೋಣದ ಚಿಕ್ಕ ಗಾಜು ನೆನಪಿರಬಹುದು. ದೊಡ್ಡ ಗಾಜನ್ನು ಇಳಿಸದೆ ಅದನ್ನಷ್ಟೇ ಓರೆಯಾಗಿ ತಿರುಗಿಸಿದರೆ ಓಡುವ ಗಾಡಿಗೆ ಎದುರಾದ ಗಾಳಿಯು ಹಿಡಿದು ತಂದಂತೆ ಒಳಗೆ ನುಗ್ಗುತ್ತಿತ್ತು. ಪದ್ಮಿನಿ ಕಾರಿನಲ್ಲಿಯೂ ಅದೇ ಏರ್ಪಾಡು. ಕೈಗೆ ಕಾಣುವ ಕಿಂಡಿ, ಕಣ್ಣಿಗೆ ಕಾಣುವ ಫಲ. ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಮುಕ್ಕೋಣದ ಗಾಜಾದರೋ ಹೊಸ ಕಾರುಗಳಿಂದ ಅದಕ್ಕಿಂತ ಬಹಳ ಮುಂಚೆಯೇ ಮರೆಯಾಗಿತ್ತು.

ಪರದೇಶದಲ್ಲಿಯೂ ಈ ವಿದ್ಯೆ ಒಮ್ಮೆಗೇ ಕೈಗೂಡಲಿಲ್ಲ. ಅಮೇರಿಕೆಯ ನ್ಯಾಶ್ ಕಂಪನಿಯವರು ೧೯೩೮ರ ಕಾರುಗಳಲ್ಲಿ ಹೊರಗಿನ ಗಾಳಿಯನ್ನು ಸೋಸಿ, ಬಿಸಿ ಮಾಡಿ ಒಳಗೆ ಬಿಡುವ ಏರ್ಪಾಡನ್ನು ತಂದರು. ಮರು ವರುಷವೇ ಪ್ಯಾಕಾರ್ಡ್ ಕಂಪನಿಯವರು ೧೯೪೦ರ ಮಾದರಿಯ ಕಾರುಗಳಿಗೆ ತಂಪು ಮಾಡುವ ಯಂತ್ರವನ್ನೂ ಜೋಡಿಸಿ ತೋರಿಸಿದರು. ಆ ಯಂತ್ರವು ಸಾಮಾನಿಡುವ ಜಾಗದಲ್ಲಿ ದೊಡ್ಡ ಪಾಲನ್ನು ನುಂಗಿತ್ತು. ಅದಕ್ಕಿಂತ ವಿಚಿತ್ರವೇನೆಂದರೆ, ತಂಪು ಸಾಕೆನಿಸಿದಾಗ ಅದನ್ನು ನಿಲ್ಲಿಸುವುದಕ್ಕೆ ಒಳಗೆ ಒಂದು ಗುಂಡಿಯೂ ಇರಲಿಲ್ಲ. ಗಾಡಿಯನ್ನು ನಿಲ್ಲಿಸಿ, ಇಳಿದು, ಯಂತ್ರದ ಪಟ್ಟೆಯನ್ನೇ ಕಳಚಬೇಕಾಗಿತ್ತು. ಗಾಳಿಯನ್ನು ತರುವುದು ಒಂದು ವಿದ್ಯೆ, ಅದನ್ನು ಆಳುವುದು ಮತ್ತೊಂದು ವಿದ್ಯೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ನಮಗೆ ಸಿಕ್ಕಿಲ್ಲ.

ಈಗಿನ ಕಾರುಗಳಲ್ಲಿ ಗಾಳಿಯು ಬರುವ ದಾರಿ ಹೀಗಿದೆ. ಮುಂಗಾಜಿನ ಬುಡದಲ್ಲಿ, ಯಂತ್ರವನ್ನು ಮುಚ್ಚುವ ಮುಚ್ಚಳವು ಮುಗಿಯುವಲ್ಲಿ, ಜಾಲರಿಯಂಥ ಒಂದು ಸಂದು ಇರುತ್ತದೆ. ಹೊರಗಿನ ಗಾಳಿಯು ಅಲ್ಲಿಂದ ಇಳಿದು, ಸೋಸುವ ಹಾಳೆಯಿದ್ದರೆ ಅದನ್ನು ಹಾದು, ಪಂಕದಿಂದ ನೂಕಲ್ಪಟ್ಟು, ತಂಪಿನ ಸುರುಳಿಯ ಮೇಲೋ ಬಿಸಿನೀರಿನ ಸುರುಳಿಯ ಮೇಲೋ ಹಾಯುತ್ತದೆ. ಆಮೇಲೆ ಒಳಗಿನ ಚಿಕ್ಕ ಚಿಕ್ಕ ಕದಗಳು ಅದನ್ನು ಮೂರು ದಾರಿಗಳಿಗೆ ಹಂಚುತ್ತವೆ: ಮೋರೆಯ ಕಡೆಗೆ, ಪಾದಗಳ ಕಡೆಗೆ, ಮುಂಗಾಜಿನ ಕಡೆಗೆ. ಬಂದ ಗಾಳಿಯು ಹೊರಗೆ ಹೋಗುವುದಕ್ಕೆ ಗಾಡಿಯ ಹಿಂಬದಿಯಲ್ಲಿ, ಕಣ್ಣಿಗೆ ಬೀಳದಂತೆ, ತೆಳುವಾದ ಕದಗಳುಳ್ಳ ಸಂದುಗಳನ್ನು ಬಿಟ್ಟಿರುತ್ತಾರೆ. ಹೊರಹೋಗುವ ದಾರಿಯಿಲ್ಲದಿದ್ದರೆ ಒಳಬರುವ ಗಾಳಿಯೂ ಬಾಗಿಲಲ್ಲಿ ನಿಂತುಬಿಡುತ್ತದೆ. ಸಾಮಾನಿನ ಕೋಣೆಯಲ್ಲಿ ಗಂಟುಮೂಟೆಗಳನ್ನು ಒತ್ತಿ ತುಂಬಿ ಆ ಸಂದುಗಳಿಗೆ ಅಡ್ಡವಿಟ್ಟರೆ ಮುಂದಿನ ಪಂಕವು ಎಷ್ಟು ಕೂಗಿಕೊಂಡರೂ ಗಾಳಿ ಆಡುವುದು ಕಡಿಮೆಯೇ.

ಇದನ್ನು ಮೊಮ್ಮಕ್ಕಳಿಗೆ ತಿಳಿಸುವಾಗ ನಾವು ಪಂಚಪ್ರಾಣಗಳ ಹೆಸರಿನಿಂದ ತಿಳಿಸಿದೆವು, ಶಾಸ್ತ್ರಜ್ಞರು ಮನ್ನಿಸಬೇಕು. ಮುಂದಿನ ಜಾಲರಿಯಿಂದ ಒಳಬರುವುದು ಪ್ರಾಣ. ಹಿಂಬದಿಯ ಸಂದಿನಿಂದ ಹೊರಹೋಗುವುದು ಅಪಾನ. ಮೇಲಕ್ಕೆ ಏರಿ ಮುಂಗಾಜನ್ನು ಸವರುವುದು ಉದಾನ. ಬಿಸಿ ತಂಪುಗಳನ್ನು ನಡುವೆ ಬೆರೆಸಿ ಹದಗೊಳಿಸುವುದು ಸಮಾನ. ಎಲ್ಲ ಆಸನಗಳಿಗೂ ಹರಡುವುದು ವ್ಯಾನ. ಮಕ್ಕಳು ಅಪಾನದ ಹೆಸರಿಗೆ ಬಿದ್ದು ಬಿದ್ದು ನಕ್ಕರು. ಆದರೆ ಐದೂ ಹೆಸರುಗಳು ಅವರಿಗೆ ಅಂದೇ ಬಾಯಿಪಾಠವಾದವು.

ಈ ಐದರಲ್ಲಿ ಪ್ರಾಣವನ್ನು ಆಳುವ ಕೀಲೊಂದು ಬೇರೆಯಾಗಿದೆ, ಮತ್ತು ನಮ್ಮ ಈ ಬರಹವೆಲ್ಲ ಅದರ ಸಲುವಾಗಿಯೇ. ಹಳೆಯ ಕಾರುಗಳಲ್ಲಿ ಅದು ಎಡಬಲಕ್ಕೆ ಸರಿಯುವ ಸಣ್ಣ ಹಿಡಿಕೆ. ಹೊಸವುಗಳಲ್ಲಿ ಒಂದು ಗುಂಡಿ. ಅದರ ಮೇಲೆ ಕಾರಿನ ಚಿತ್ರವೂ, ಆ ಚಿತ್ರದ ಹೊಟ್ಟೆಯಲ್ಲಿ ತಿರುಗಿ ಬರುವ ಬಾಣದ ಗುರುತೂ ಇರುತ್ತವೆ. ಅದನ್ನು ಒತ್ತಿದರೆ ಹೊರಗಿನ ದಾರಿ ಮುಚ್ಚಿ, ಪಂಕವು ಒಳಗಿನ ಗಾಳಿಯನ್ನೇ ಹೀರಿ ಒಳಕ್ಕೇ ಬಿಡುತ್ತದೆ. ಬಿಟ್ಟರೆ ಹೊರಗಿನ ಹೊಸ ಗಾಳಿ ಬರುತ್ತದೆ. ಮುಚ್ಚಿದಾಗ ಹೊಗೆ ಧೂಳುಗಳು ಹೊರಗೇ ಉಳಿಯುತ್ತವೆ, ತಂಪೂ ಬೇಗನೆ ಆಗುತ್ತದೆ. ಆದಕಾರಣ ಜನರು ಒಮ್ಮೆ ಒತ್ತಿದ ಗುಂಡಿಯನ್ನು ಮತ್ತೆ ಮುಟ್ಟದೆ ಊರೂರು ತಿರುಗುತ್ತಾರೆ.

ಎರಡು ವರುಷಗಳ ಕೆಳಗೆ, ಮಾಘಮಾಸದ ಒಂದು ಸಂಜೆ, ನಾವು ಐವರು ಮಿರಜದಿಂದ ಮರಳುತ್ತಿದ್ದೆವು. ಮಗನು ನಡೆಸುತ್ತಿದ್ದನು, ನಾವು ಅವನ ಪಕ್ಕದಲ್ಲಿ, ಹಿಂದೆ ನಮ್ಮ ಮನೆಯವರೂ ಇಬ್ಬರು ಮೊಮ್ಮಕ್ಕಳೂ. ಕಬ್ಬು ಕಡಿಯುವ ಸುಗ್ಗಿಯ ಕಾಲ. ಕಾಗವಾಡದ ಸುತ್ತಿನ ಹೊಲಗಳಲ್ಲಿ ಕಡಿದ ಕಬ್ಬಿನ ರವದಿಗೆ ಬೆಂಕಿ ಇಟ್ಟಿದ್ದರು. ಹೊಗೆಯು ಗೋಡೆಯಂತೆ ರಸ್ತೆಗೆ ಅಡ್ಡವಾಗಿ ನಿಂತಿತ್ತು. ಹಿಂದಿನಿಂದ ಕೆಮ್ಮು ಕೇಳಿದೊಡನೆ ಮಗನು ಗುಂಡಿಯನ್ನು ಒತ್ತಿ ಹೊರಗಾಳಿಯನ್ನು ತಡೆದನು. ಅದು ಸರಿಯಾದ ಕೆಲಸವೇ. ಕೆಮ್ಮು ನಿಂತಿತು. ಹೊಗೆಯ ಹೊಲಗಳೂ ಹಿಂದಾದವು.

ಅರ್ಧ ಗಂಟೆ ಕಳೆದಿರಬಹುದು. ಮೊದಲು ಮಕ್ಕಳ ಮಾತು ಕಡಿಮೆಯಾಯಿತು; ಆಮೇಲೆ ನಿಂತಿತು. ನಮ್ಮ ಮನೆಯವರು ತಲೆ ಭಾರವೆಂದರು. ಮಗನು ಒಂದು ಸಲ ಆಕಳಿಸಿದನು. ಸ್ವಲ್ಪ ಹೊತ್ತಿಗೆ ಮತ್ತೊಂದು ಸಲ. ಈ ಆಕಳಿಕೆಯನ್ನು ನಾವು ಬಲ್ಲೆವು. ಆಷಾಢದಲ್ಲಿ ಜಡಿಮಳೆ ಹಿಡಿದು ಶಾಲೆಯ ಕಿಟಕಿಗಳನ್ನೆಲ್ಲ ಮುಚ್ಚಿ ಪಾಠ ಮಾಡುವ ದಿನಗಳಲ್ಲಿ, ಮಧ್ಯಾಹ್ನದ ಎರಡನೆಯ ತಾಸಿಗೆ ಅದು ಹಿಂದಿನ ಬಾಕಿನಿಂದ ಹೊರಟು ಮುಂದಿನ ಬಾಕಿಗೆ ಬರುತ್ತಿತ್ತು. ಹುಡುಗರನ್ನು ಬೈದರೆ ಅದು ಹೋಗುತ್ತಿರಲಿಲ್ಲ. ಒಂದು ಕಿಟಕಿಯನ್ನು ತೆರೆದರೆ ಹೋಗುತ್ತಿತ್ತು. ನಾವು ಕೈ ಚಾಚಿ ಗುಂಡಿಯನ್ನು ಬಿಟ್ಟು, ಪಕ್ಕದ ಗಾಜನ್ನೂ ಇಳಿಸಿದೆವು. ತಣ್ಣನೆಯ ಗಾಳಿಯು ಮೋರೆಗೆ ಬಡಿಯಿತು. ಮಗನು ನೆಟ್ಟಗೆ ಕುಳಿತನು. ಮುಂದಿನ ತಿರುವಿನಲ್ಲಿ, ಹಿಂಬದಿಗೆ ಒಂದು ಕೆಂಪು ದೀಪವೂ ಇಲ್ಲದೆ, ಎರಡು ಡಬ್ಬಿಗಳ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ರಸ್ತೆಯ ಮೇಲೆಯೇ ಮೆಲ್ಲಗೆ ಸಾಗುತ್ತಿತ್ತು. ಮಗನು ದೂರದಿಂದಲೇ ಅದನ್ನು ಕಂಡು ವೇಗವನ್ನು ತಗ್ಗಿಸಿದನು. ಸುಗ್ಗಿಯ ಕಾಲದಲ್ಲಿ ನಮ್ಮ ಸೀಮೆಯ ರಸ್ತೆಗಳಲ್ಲಿ ರಾತ್ರಿ ಸಂಚರಿಸಿದವರಿಗೆ, ಆ ಹೊತ್ತಿಗೆ ನಡೆಸುವವನ ಕಣ್ಣು ಅರೆಗಣ್ಣಾಗಿದ್ದರೆ ಏನಾಗಬಹುದಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ನಾವು ಮಗನನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು. ವಾಚಕರೂ ನಮ್ಮೊಡನೆ ಹಾಕಿ ನೋಡಲಿ. ಸುಮ್ಮನೆ ಕುಳಿತ ಮನುಷ್ಯನು ನಿಮಿಷಕ್ಕೆ ಸುಮಾರು ೬ರಿಂದ ೮ ಲೀಟರು ಗಾಳಿಯನ್ನು ಉಸಿರಾಡುತ್ತಾನೆ. ಹೊರಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು ೪ ಪಾಲು ಇಂಗಾಲಾಮ್ಲ ವಾಯು. ಅಂದರೆ ಒಬ್ಬನು ನಿಮಿಷಕ್ಕೆ ಹೊರಹಾಕುವ ಇಂಗಾಲಾಮ್ಲವು ಕಾಲು ಲೀಟರಿನ ಆಸುಪಾಸು. ಐವರು ಸೇರಿದರೆ ಒಂದೂಕಾಲು ಲೀಟರು. ಸಾಧಾರಣ ಕಾರಿನ ಒಳಗೆ ಹಿಡಿಸುವ ಗಾಳಿಯನ್ನು ೩,೦೦೦ ಲೀಟರೆಂದು ಹಿಡಿಯೋಣ. ಹೊರಗಿನ ಶುದ್ಧ ಗಾಳಿಯಲ್ಲಿ ಹತ್ತು ಸಾವಿರಕ್ಕೆ ೪ ಪಾಲಿಗಿಂತ ತುಸು ಹೆಚ್ಚು ಇಂಗಾಲಾಮ್ಲವಿರುವುದರಿಂದ, ಆ ೩,೦೦೦ ಲೀಟರಿನಲ್ಲಿ ಮೊದಲಿಗೆ ಇದ್ದದ್ದೂ ಒಂದೂಕಾಲು ಲೀಟರೇ. ಹಾಗಾದರೆ ಕಾರು ಗಡಿಗೆಯಂತೆ ಬಿಗಿಯಾಗಿ ಮುಚ್ಚಿದ್ದ ಪಕ್ಷದಲ್ಲಿ ಒಂದೇ ನಿಮಿಷಕ್ಕೆ ಅದು ಇಮ್ಮಡಿಯಾಗುತ್ತದೆ!

ನಿಜವಾಗಿ ಕಾರು ಗಡಿಗೆಯಲ್ಲ. ಬಾಗಿಲುಗಳ ಸಂದುಗಳಿಂದ ಗಾಳಿ ಸೋರುತ್ತದೆ, ವೇಗ ಹೆಚ್ಚಿದಂತೆ ಸೋರಿಕೆಯೂ ಹೆಚ್ಚುತ್ತದೆ. ಆದುದರಿಂದ ಲೆಕ್ಕದಷ್ಟು ಏರುವುದಿಲ್ಲ. ಆದರೂ ಐವರು ಕುಳಿತು ಅರ್ಧ ತಾಸು ಮುಚ್ಚಿಕೊಂಡು ಹೋದರೆ ಹೊರಗಿನದರ ಹಲವು ಪಟ್ಟು ಆಗುವುದರಲ್ಲಿ ಸಂಶಯವಿಲ್ಲ. ಇದರಿಂದ ಉಸಿರು ಕಟ್ಟಿ ಸಾಯುವ ಭಯವಿಲ್ಲ; ಯಾರೂ ಗಾಬರಿಗೊಳ್ಳಬಾರದು. ತಲೆ ಭಾರವಾಗುವುದು, ಮನಸ್ಸು ಮಂದವಾಗುವುದು, ಜೊಂಪು ಹತ್ತುವುದು, ಇವೇ ಅದರ ಫಲ. ಹಿಂದಿನ ಆಸನದಲ್ಲಿ ಜೊಂಪು ಹತ್ತಿದರೆ ನಿದ್ರೆ. ಮುಂದಿನ ಆಸನದಲ್ಲಿ ಹತ್ತಿದರೆ ಅಪಘಾತ.

ಲೆಕ್ಕವನ್ನು ಕೇಳಿ ಮುಗಿಸಿದ ಮಗನು ಹೇಳಿದನು: "ಹಾಗಾದರೆ ಇನ್ನು ಮೇಲೆ ಮುಚ್ಚುವುದೇ ಬೇಡ. ಆದರೆ ಅವ್ವನ ಗತಿ ಏನು?" ಅವನ ಪ್ರಶ್ನೆ ನ್ಯಾಯವಾದದ್ದು. ತೆರೆದರೆ ತಾಯಿಗೆ ಹೊಗೆ. ಮುಚ್ಚಿದರೆ ಮಗನಿಗೆ ಜೊಂಪು. ಒಂದೇ ಗುಂಡಿ, ಎರಡು ಪ್ರಾಣಗಳು. ನಾವು ಉತ್ತರವನ್ನು ಹುಡುಕುತ್ತಿದ್ದಂತೆ ಒಳಗಿನಿಂದ ನಮ್ಮ ಮನೆಯವರ ಮಾತು ಬಂದಿತು: "ನನ್ನ ಕೆಮ್ಮು ನನಗಿರಲಿ. ಅವನ ಕಣ್ಣು ತೆರೆದಿರಲಿ. ಹಿಂದೆ ಮಕ್ಕಳು ಕೂತಿರತಾವ." ಅವರು ಅದನ್ನು ತ್ಯಾಗವೆಂದು ಹೇಳಲಿಲ್ಲ, ಸಂತೆಯ ಲೆಕ್ಕ ಹೇಳುವ ಧ್ವನಿಯಲ್ಲಿಯೇ ಹೇಳಿದರು. ಮಗನು ಏನೂ ಅನ್ನಲಿಲ್ಲ.

ಆದರೆ ವಿಚಾರ ಮಾಡಿ ನೋಡಲಾಗಿ, ಇಬ್ಬರಲ್ಲೊಬ್ಬರು ಕಷ್ಟಪಡಬೇಕಾದ ಕಾರಣವೇ ಇರಲಿಲ್ಲ. ಹೊಗೆಯು ದಾರಿಯುದ್ದಕ್ಕೂ ಇರುವುದಿಲ್ಲ. ಎರಡು ಮೂರು ನಿಮಿಷಗಳ ದಾರಿಯಷ್ಟೆ. ಅಷ್ಟು ಹೊತ್ತು ಮುಚ್ಚಿದರೆ ಯಾರ ತಲೆಯೂ ಭಾರವಾಗದು. ಕೇಡು ಇರುವುದು ಮುಚ್ಚುವುದರಲ್ಲಿ ಅಲ್ಲ, ಮುಚ್ಚಿದ್ದನ್ನು ತೆರೆಯದೆ ಬಿಡುವುದರಲ್ಲಿ. ಮುಚ್ಚುವಂತೆ ನೆನಪಿಸುವುದಕ್ಕೆ ಹೊಗೆಯಿದೆ, ಕೆಮ್ಮಿದೆ. ತೆರೆಯುವಂತೆ ನೆನಪಿಸುವುದಕ್ಕೆ ಯಾವ ಕುರುಹೂ ಇಲ್ಲ. ಬೆಳಕಿಂಡಿಯನ್ನು ಮರೆತ ಹುಡುಗನಿಗೆ ತಾಯಿಯ ಕಣ್ಣೀರಾದರೂ ಇತ್ತು. ಇಂಗಾಲಾಮ್ಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದಕಾರಣ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಮುಚ್ಚೆನ್ನುವ ಅಧಿಕಾರವೂ ತೆರೆಯೆನ್ನುವ ಹೊಣೆಯೂ ಒಬ್ಬರದೇ. ಅವರೇ ನಮ್ಮ ಮನೆಯವರು. ಅವರ ಮೂಗು ಹೊಗೆಯನ್ನು ನಮ್ಮೆಲ್ಲರಿಗಿಂತ ಮೊದಲು ಹಿಡಿಯುತ್ತದೆ. "ಮುಚ್ಚು" ಎಂದ ಮೇಲೆ ಅವರು ಹೊಲಗಳನ್ನು ನೋಡುತ್ತ ಕೂಡುವರು. ಹೊಗೆ ದಾಟಿದೊಡನೆ "ತೆಗಿ" ಎನ್ನುವರು. ಅಂದಿನಿಂದ ಇಂದಿನವರೆಗೆ ಈ ಕಟ್ಟಳೆಯು ಮುರಿದಿಲ್ಲ.

ನಮ್ಮ ಸೀಮೆಯಲ್ಲಿ ಐದು ತಾಲೂಕುಗಳಿಗೆ ಐದು ಬಗೆಯ ಗಾಳಿ. ಒಂದೊಂದಕ್ಕೂ ಕೀಲಿನ ಪ್ರಯೋಗವು ಬೇರೆ. ಕಾಗವಾಡದ ಹೊಗೆಯ ಮಾತು ಆಯಿತು. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗಳ ಓಣಿಯನ್ನು ಹಾಯುವಾಗಲೂ, ಹೆದ್ದಾರಿಯಲ್ಲಿ ತವಂದಿ ಘಾಟವನ್ನು ಏರುವಾಗ ಹೇರು ಹೊತ್ತ ಲಾರಿಯ ಹಿಂದೆ ಸಿಕ್ಕಿಬಿದ್ದಾಗಲೂ ಮುಚ್ಚುವುದು ಒಳ್ಳೆಯದು. ಲಾರಿಯನ್ನು ದಾಟಿದ ಮೇಲೆ ತೆರೆಯತಕ್ಕದ್ದು. ರಾಯಬಾಗದ ಕಡೆಗೆ, ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಜನವೂ ಬಂಡಿಗಳೂ ಹೊರಟಾಗ ಏಳುವ ಧೂಳಿಗೂ ಇದೇ ವಿಧಿ. ಆದರೆ ಮುಚ್ಚುವುದಕ್ಕಿಂತಲೂ ಉತ್ತಮವಾದ ಉಪಾಯವೊಂದಿದೆ: ಮುಂದಿನ ಗಾಡಿಯಿಂದ ದೂರ ಉಳಿಯುವುದು. ಧೂಳು ನೆಲಕ್ಕೆ ಕೂಡಲು ತುಸು ಹೊತ್ತು ಕೊಟ್ಟರೆ ಅದು ತಾನಾಗಿ ಕೂಡುತ್ತದೆ.

ಅಥಣಿಯ ವೈಶಾಖದ ಬಿಸಿಲಿಗೆ ಕ್ರಮವು ಬೇರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತಿದೊಡನೆ ತಂಪಿನ ಯಂತ್ರವನ್ನು ಹಚ್ಚಿ ಎಲ್ಲವನ್ನೂ ಮುಚ್ಚುವವರುಂಟು. ಇದು ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ. ಒಳಗಿನ ಗಾಳಿಯು ಹೊರಗಿನದಕ್ಕಿಂತ ಬಹಳ ಬಿಸಿಯಾಗಿರುವುದರಿಂದ, ಮೊದಲು ಗಾಜುಗಳನ್ನು ಇಳಿಸಿ ಒಂದೆರಡು ನಿಮಿಷ ನಡೆಸಿ ಆ ಕಾವನ್ನು ಹೊರದೂಡಬೇಕು. ಆಮೇಲೆ ಗಾಜುಗಳನ್ನು ಏರಿಸಿ, ಹೊರಗಾಳಿಯನ್ನು ತಡೆದು ತಂಪು ಮಾಡಬೇಕು. ತಂಪಾದ ಮೇಲೆ ಮತ್ತೆ ಹೊರಗಾಳಿಗೆ ದಾರಿ ಬಿಡಬೇಕು. ಮೋರೆಯ ಕಡೆಯ ಕಿಂಡಿಗಳ ರೆಕ್ಕೆಗಳನ್ನು ನೇರವಾಗಿ ಎದೆಗೆ ಹಿಡಿಯದೆ ಮೇಲಕ್ಕೆ ತಿರುಗಿಸಿದರೆ, ತಂಪು ಗಾಳಿಯು ಭಾರವಾದುದರಿಂದ ತಾನೇ ಇಳಿದು ಎಲ್ಲರಿಗೂ ಹಂಚಿಹೋಗುತ್ತದೆ. ಶ್ವಾಸದ ರೋಗಿಗಳಿಗಂತೂ ಇದು ಅವಶ್ಯ. ಚಳಿಯಲ್ಲಿ ಬಿಸಿ ಗಾಳಿಯನ್ನು ಪಾದಗಳಿಗೆ ಬಿಡಬೇಕು. ಅದು ತಾನೇ ಏರುತ್ತದೆ.

ಇನ್ನು ಚಿಕ್ಕೋಡಿಯ ಮಳೆಗಾಲ. ಹೊರಗೆ ಜಿನುಗು ಮಳೆ, ಒಳಗೆ ಐವರ ಹಸಿಯುಸಿರು. ತಣ್ಣಗಿನ ಮುಂಗಾಜಿಗೆ ಆ ಹಸಿ ತಗಲಿ ಮಂಜು ಕಟ್ಟುತ್ತದೆ. ನಡೆಸುವವನು ಕೈಯಿಂದ ಒರಸುತ್ತಾನೆ. ಅದು ಮತ್ತೆ ಕಟ್ಟುತ್ತದೆ. ಮಳೆ ಒಳಗೆ ಬಂದೀತೆಂಬ ಭಯದಿಂದ ಹೊರಗಾಳಿಯನ್ನು ತಡೆಯುವವರೇ ಹೆಚ್ಚು. ಅದರಿಂದ ಮಂಜು ದಟ್ಟವಾಗುತ್ತದೆಯೇ ಹೊರತು ಕರಗುವುದಿಲ್ಲ. ಜಾಲರಿಯ ಕೆಳಗೆ ನೀರು ಬೇರೆಯಾಗಿ ಹರಿದುಹೋಗುವ ದಾರಿಯಿರುತ್ತದೆ, ಭಯ ಬೇಡ. ಹೊರಗಾಳಿಯನ್ನು ತೆರೆದು, ತಂಪಿನ ಯಂತ್ರವನ್ನೂ ಹಚ್ಚಿ, ಗಾಳಿಯನ್ನು ಮುಂಗಾಜಿನ ಕಡೆಗೆ ಬಿಡತಕ್ಕದ್ದು. ತಂಪಿನ ಸುರುಳಿಯ ಮೇಲೆ ಹಾಯುವಾಗ ಗಾಳಿಯು ತನ್ನ ನೀರನ್ನು ಅಲ್ಲಿಯೇ ಬಿಟ್ಟು ಒಣಗಿ ಬರುತ್ತದೆ. ಚಳಿಯೆನಿಸಿದರೆ ಬಿಸಿಯನ್ನೂ ಬೆರೆಸಬಹುದು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ವೇದಗಂಗೆ ದೂಧಗಂಗೆಗಳೂ ದಡ ಮೀರಿ, ನಿಪ್ಪಾಣಿಯ ಬಳಿ ಹೆದ್ದಾರಿಯೇ ನೀರಲ್ಲಿ ಮುಳುಗಿತ್ತು. ರಸ್ತೆ ಎಲ್ಲಿ ಮುಗಿದು ನೀರು ಎಲ್ಲಿ ಮೊದಲಾಗುತ್ತದೆಂಬುದನ್ನು ಕಾಣಬೇಕಾದ ಅಂಥ ದಿನಗಳಲ್ಲಿ ಮುಂಗಾಜಿನ ಮಂಜು ಸಣ್ಣ ಮಾತಲ್ಲ.

ಸೋಸುವ ಹಾಳೆಯ ವಿಷಯದಲ್ಲಿ ಒಂದು ಮಾತು. ಅದು ಬಹುತೇಕ ಕಾರುಗಳಲ್ಲಿ ಮುಂದಿನ ಆಸನದ ಎದುರಿನ ಚಿಕ್ಕ ಪೆಟ್ಟಿಗೆಯ ಹಿಂದೆ ಅಡಗಿರುತ್ತದೆ. ನಮ್ಮ ಕಾರಿನ ಹಾಳೆಯನ್ನು ಬದಲಿಸಿದ್ದೇವೆಂದು ಒಂದು ದುರಸ್ತಿಯ ಅಂಗಡಿಯವರು ಹಣ ಪಡೆದಿದ್ದರು. ತಿಂಗಳೊಳಗೆ ಮಗನು ಪೆಟ್ಟಿಗೆಯನ್ನು ಕಳಚಿ ನೋಡಿದಾಗ ಅಲ್ಲಿದ್ದದ್ದು ರವದಿಯ ಬೂದಿ, ಒಣಗಿದ ಎಲೆ, ಹುಳುಗಳ ರೆಕ್ಕೆಗಳಿಂದ ಕಪ್ಪಾಗಿ ಕಂಬಳಿಯಂತಾದ ಹಳೆಯ ಹಾಳೆಯೇ. ಹೊಸದನ್ನು ಅವನೇ ತಂದು ಕೂಡಿಸಿದನು. ಹತ್ತು ನಿಮಿಷದ ಕೆಲಸ. ನಮ್ಮ ಭಾಗದ ಧೂಳಿಗೆ ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮುಂಚೆಯೇ ಅದನ್ನು ನೋಡಬೇಕಾಗುತ್ತದೆ. ಕಬ್ಬಿನ ಸುಗ್ಗಿ ಮುಗಿದ ಮೇಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಕಣ್ಣಿಟ್ಟು ನೋಡುವುದು ಲೇಸು. ಆದರೆ ಹಾಳೆಯು ಧೂಳನ್ನು ತಡೆಯಬಲ್ಲದು, ವಿಷಾನಿಲವನ್ನು ತಡೆಯಲಾರದು. ಮುಚ್ಚಿದ ಕೊಟ್ಟಿಗೆಯಲ್ಲಿ ಯಂತ್ರವನ್ನು ನಡೆಯಗೊಟ್ಟು ಕಾರಿನಲ್ಲಿ ಕುಳಿತುಕೊಳ್ಳುವುದು, ಮಲಗುವುದು ಪ್ರಾಣಾಪಾಯಕರ. ಹೊಗೆಕೊಳವೆಯಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೂ ವಾಸನೆಯಿಲ್ಲ. ಅದು ಜೊಂಪು ಹತ್ತಿಸಿ ಬಿಡುವುದಿಲ್ಲ, ಕೊಂದೇ ಬಿಡುತ್ತದೆ. ಅಲ್ಲಿ ಯಾವ ಗುಂಡಿಯೂ ಕಾಯದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಕ್ಕಳನ್ನು "ಇಗೋ ಬಂದೆ" ಎಂದು ಬಿಟ್ಟು ಅಂಗಡಿಗೆ ಹೋಗುವುದೂ ಅಷ್ಟೇ ಅಪಾಯದ್ದು. ಹತ್ತೇ ನಿಮಿಷಗಳಲ್ಲಿ ಒಳಗಿನ ಉಷ್ಣತೆಯು ಸುಮಾರು ಹತ್ತು ಡಿಗ್ರಿ ಏರಬಲ್ಲದು.

ಕೊನೆಗೆ ಹಿಂದಿನ ಆಸನದವರ ಮಾತು. ಗಾಳಿಯ ಕೀಲುಗಳೆಲ್ಲ ಮುಂದಿನವರ ಕೈಯಲ್ಲಿರುತ್ತವೆ. ಮುದುಕರೂ ಮಕ್ಕಳೂ ಸೊಸೆಯಂದಿರೂ ಕೂಡುವುದು ಹಿಂದೆ. ಎಷ್ಟೋ ಕಾರುಗಳಲ್ಲಿ ಹಿಂದಿನವರಿಗೆ ಬೇರೆ ಕಿಂಡಿಗಳೇ ಇಲ್ಲ. ಮುಂದೆ ಚಳಿಯಾಗುತ್ತಿರುವಾಗ ಹಿಂದೆ ಬೆವರುತ್ತಿರಬಹುದು. ಮುಂದೆ ಹಿತವಾಗಿರುವಾಗ ಹಿಂದೆ ವಾಕರಿಕೆ ಬರುತ್ತಿರಬಹುದು. ಬಸ್ಸಿನಲ್ಲಿ ಪ್ರತಿಯೊಬ್ಬನಿಗೂ ತನ್ನ ಕಿಟಕಿಯಿತ್ತು, ಅದಕ್ಕಾಗಿ ಜಗಳಾಡುವ ಸ್ವಾತಂತ್ರ್ಯವೂ ಇತ್ತು. ಸ್ವಂತ ಮಗನ ಕಾರಿನಲ್ಲಿ ಜಗಳಾಡುವವರಾರು? ನಮ್ಮ ಹಿರಿಯರು, ಅದರಲ್ಲಿಯೂ ಹೆಂಗಸರು, ಗಾಡಿ ಮಗನದು, ಎಣ್ಣೆ ಮಗನದು, ನಾವೇಕೆ ಹೇಳಬೇಕು ಎಂದು ಸುಮ್ಮನೆ ಸೆರಗನ್ನು ಮೂಗಿಗೆ ಹಿಡಿದು ಕೂಡುತ್ತಾರೆ. ೨೦೨೦ರಲ್ಲಿ ಕೊರೊನಾ ಬಂದಾಗ, ಕೂಡಿ ಪಯಣಿಸುವವರು ಗಾಜು ಇಳಿಸಿ ಗಾಳಿ ಆಡಗೊಡ್ಡಬೇಕೆಂದು ವೈದ್ಯರು ಸಾರಿ ಹೇಳಿದರು. ಭಯವಿದ್ದಷ್ಟು ದಿನ ಜನರು ಕೇಳಿದರು. ಭಯ ಹೋಯಿತು, ಗಾಜು ಏರಿತು.

ಆದಕಾರಣ ವಾಚಕ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಕಾರು ಕೊಳ್ಳುವ ಮುಂಚೆ ಒಂದು ಗಳಿಗೆ ಹಿಂದಿನ ಆಸನದಲ್ಲಿ ಕುಳಿತು, ಗಾಜುಗಳನ್ನು ಏರಿಸಿ, ಗಾಳಿ ಎಲ್ಲಿಂದ ಬರುತ್ತದೆಂಬುದನ್ನು ಕೈ ಚಾಚಿ ನೋಡಿರಿ. ಕೊಂಡ ಮೇಲೆ, ತಿರುಗುವ ಬಾಣದ ಆ ಗುಂಡಿಯನ್ನು ಮನೆಯವರೆಲ್ಲರಿಗೂ, ಮಕ್ಕಳಿಗೂ, ತೋರಿಸಿ ತಿಳಿಸಿರಿ. ದೂರದ ದಾರಿಯಲ್ಲಿ ಅರ್ಧ ತಾಸಿಗೊಮ್ಮೆಯಾದರೂ ಹಿಂದಿರುಗಿ, "ಗಾಳಿ ಸಾಕೇ?" ಎಂದು ಕೇಳಿರಿ. ಸಾಕೆಂದೇ ಉತ್ತರ ಬರುವುದು. ಸಂಕೋಚದವರು ಸಾಕೆಂದೇ ಹೇಳುವರು. ಉತ್ತರ ಬರುವುದಕ್ಕೆ ತಡವಾದರೆ ಮಾತ್ರ ಮತ್ತೆ ಕೇಳದೆ ಗಾಜನ್ನು ಇಳಿಸಿಬಿಡಿರಿ.